ಮೂರು ವಾದ್ಯ, ಹನ್ನೆರಡು ಹಾಡು: ಜಾನಿ ಕ್ಯಾಶ್‌ನ ಮೊದಲ ಆಲ್ಬಮ್

1957ರ ಅಕ್ಟೋಬರ್ 11ರಂದು ಅಮೆರಿಕದ ಮೆಂಫಿಸ್ ನಗರದ ಸನ್ ರೆಕಾರ್ಡ್ಸ್ ಎಂಬ ಚಿಕ್ಕ ಕಂಪನಿ 'ಜಾನಿ ಕ್ಯಾಶ್ ವಿತ್ ಹಿಸ್ ಹಾಟ್ ಅಂಡ್ ಬ್ಲೂ ಗಿಟಾರ್' ಎಂಬ ಆಲ್ಬಮ್ ಹೊರತಂದಿತು. ಅದರಲ್ಲಿದ್ದದ್ದು ಹನ್ನೆರಡು ಹಾಡು. ಎಲ್ಲ ಸೇರಿ ಅರ್ಧ ಗಂಟೆಗೂ ಕಡಿಮೆ. ಹಾಡಿದವನಿಗೆ ಇಪ್ಪತ್ತೈದು ವರ್ಷ. ಅವನಿಗೆ ಇದು ಮೊದಲ ಆಲ್ಬಮ್, ಸನ್ ಕಂಪನಿಗೂ ಇದೇ ಮೊದಲ ಎಲ್‌ಪಿ. ಅಂದಿನ ಕಂಟ್ರಿ ಸಂಗೀತದಲ್ಲಿ ಪಿಟೀಲು ಮತ್ತು ಸ್ಟೀಲ್ ಗಿಟಾರ್ ಇರಲೇಬೇಕು ಎನ್ನುವಷ್ಟು ವಾಡಿಕೆಯಾಗಿದ್ದವು. ಇಲ್ಲಿ ಅವೆರಡೂ ಇಲ್ಲ, ಡ್ರಮ್ ಕೂಡ ಇಲ್ಲ. ಒಂದು ಮಾಮೂಲಿ ಗಿಟಾರ್, ಒಂದು ಎಲೆಕ್ಟ್ರಿಕ್ ಗಿಟಾರ್, ಒಂದು ನಿಲುವು ಬಾಸ್, ಇವುಗಳ ಮೇಲೆ ಗಂಭೀರವಾದ ಒಂದು ಮಂದ್ರ ಕಂಠ. ಈ ಬಡತನವೇ ಆಲ್ಬಮ್ಮಿಗೆ ಅದರ ಧ್ವನಿಯನ್ನು ಕೊಟ್ಟಿತು. ಮುಂದಿನ ನಾಲ್ಕೂವರೆ ದಶಕ ಜಾನಿ ಕ್ಯಾಶ್ ಎಂದರೆ ಜನ ಗುರುತಿಸಿದ್ದು ಈ ಧ್ವನಿಯನ್ನೇ.

ಕಂಟ್ರಿ ಎಂದು ಇಂದು ಕರೆಯುವ ಸಂಗೀತ ಅಮೆರಿಕದ ದಕ್ಷಿಣ ರಾಜ್ಯಗಳ ಬಡ ರೈತರು, ಗಣಿ ಕಾರ್ಮಿಕರು, ರೈಲ್ವೆ ನೌಕರರ ನಡುವೆ ಬೆಳೆದದ್ದು. ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡುಗಳಿಂದ ವಲಸೆ ಬಂದವರು ತಂದ ಕಥನಗೀತೆ, ಕಪ್ಪು ಜನರ ಬ್ಲೂಸ್, ಆಫ್ರಿಕಾ ಮೂಲದ ಬ್ಯಾಂಜೊ, ಚರ್ಚಿನ ಭಜನೆ ಎಲ್ಲವೂ ಅದರಲ್ಲಿ ಬೆರೆತಿವೆ. 1927ರಲ್ಲಿ ಟೆನೆಸಿಯ ಬ್ರಿಸ್ಟಲ್ ಪಟ್ಟಣದಲ್ಲಿ ರಾಲ್ಫ್ ಪಿಯರ್ ಎಂಬಾತ ನಡೆಸಿದ ಧ್ವನಿಮುದ್ರಣದಲ್ಲಿ ಕಾರ್ಟರ್ ಕುಟುಂಬ ಮತ್ತು ಜಿಮ್ಮಿ ರಾಡ್ಜರ್ಸ್ ಮೊದಲ ಬಾರಿ ರೆಕಾರ್ಡಿಗೆ ಹಾಡಿದರು. ರಾಡ್ಜರ್ಸ್ ಮೊದಲು ರೈಲಿನಲ್ಲಿ ಬ್ರೇಕ್ ಹಿಡಿಯುವ ಕೆಲಸದಲ್ಲಿದ್ದವನು. ನ್ಯಾಷ್‌ವಿಲ್‌ನ 'ಗ್ರ್ಯಾಂಡ್ ಓಲ್ ಆಪ್ರಿ' ಎಂಬ ರೇಡಿಯೊ ಕಾರ್ಯಕ್ರಮ 1925ರಿಂದಲೂ ಪ್ರತಿ ಶನಿವಾರ ರಾತ್ರಿ ಈ ಹಾಡುಗಳನ್ನು ಹಳ್ಳಿಹಳ್ಳಿಗೆ ತಲುಪಿಸುತ್ತಿತ್ತು. ಕರೆಂಟು ಇಲ್ಲದ ಮನೆಗಳಲ್ಲಿ ಬ್ಯಾಟರಿ ರೇಡಿಯೊ ಇಟ್ಟುಕೊಂಡು ಕೇಳಿದ ಮಕ್ಕಳಲ್ಲಿ ಕ್ಯಾಶ್ ಒಬ್ಬ.

ಅವನು ಹುಟ್ಟಿದ್ದು 1932ರ ಫೆಬ್ರವರಿ 26ರಂದು, ಆರ್ಕನ್ಸಾ ರಾಜ್ಯದ ಕಿಂಗ್ಸ್‌ಲ್ಯಾಂಡ್‌ನಲ್ಲಿ. ಆಗ ದೇಶವೆಲ್ಲ ಆರ್ಥಿಕ ಮಹಾಕುಸಿತದಲ್ಲಿ ನರಳುತ್ತಿತ್ತು. ದಿಕ್ಕೆಟ್ಟ ರೈತ ಕುಟುಂಬಗಳಿಗೆಂದು ರೂಸ್‌ವೆಲ್ಟ್ ಸರ್ಕಾರ ರಾಜ್ಯದ ಈಶಾನ್ಯ ಭಾಗದ ಜೌಗು ಕಾಡು ಕಡಿಸಿ ಡೈಸ್ ಎಂಬ ವಸಾಹತು ಕಟ್ಟಿಸಿತು. 1935ರಲ್ಲಿ ಕ್ಯಾಶ್ ಕುಟುಂಬಕ್ಕೆ ಅಲ್ಲಿ ಒಂದು ಮನೆ ಮತ್ತು ಇಪ್ಪತ್ತು ಎಕರೆ ನೆಲ ಸಿಕ್ಕಿತು. ಬೆಳೆ ಹತ್ತಿ. ಹತ್ತಿ ಬಿಡಿಸುವ ಕೆಲಸ ಮಕ್ಕಳಿಗೂ ತಪ್ಪುತ್ತಿರಲಿಲ್ಲ; ಬಿಡಿಸುವಾಗ ಮನೆಮಂದಿಯೆಲ್ಲ ಚರ್ಚಿನ ಹಾಡು ಹೇಳುತ್ತಿದ್ದರು. 1937ರ ಪ್ರವಾಹದಲ್ಲಿ ಊರು ಬಿಟ್ಟು ಹೋಗಬೇಕಾಯಿತು. 1944ರಲ್ಲಿ ಅಣ್ಣ ಜ್ಯಾಕ್ ಮರ ಕೊಯ್ಯುವ ಯಂತ್ರಕ್ಕೆ ಸಿಕ್ಕಿ ತೀರಿಕೊಂಡ. ಪಾದ್ರಿಯಾಗಬೇಕೆಂದಿದ್ದ ಹುಡುಗ ಅವನು. ಈ ಸಾವು ಕ್ಯಾಶ್‌ನನ್ನು ಜೀವನವಿಡೀ ಬಿಡಲಿಲ್ಲ. ಮುಂದೆ ಅವನ ಹಾಡುಗಳಲ್ಲಿ ಭಕ್ತಿ, ಅಪರಾಧಪ್ರಜ್ಞೆ, ಸಾವು ಇವು ಒಂದನ್ನೊಂದು ಬಿಡದೆ ಬರುವುದಕ್ಕೆ ಈ ಬಾಲ್ಯವನ್ನು ಬಿಟ್ಟು ಬೇರೆ ಕಾರಣ ಹುಡುಕಬೇಕಿಲ್ಲ.

ತಂದೆತಾಯಿ ಇಟ್ಟ ಹೆಸರು ಬರೀ ಜೆ. ಆರ್. ಸೇನೆಯಲ್ಲಿ ಬರೀ ಇನಿಷಿಯಲ್ ನಡೆಯುವುದಿಲ್ಲವೆಂದು 1950ರಲ್ಲಿ ವಾಯುಪಡೆ ಸೇರಿದಾಗ ಅದು ಜಾನ್ ಆರ್. ಕ್ಯಾಶ್ ಆಯಿತು. ಅವನನ್ನು ಕಳಿಸಿದ್ದು ಜರ್ಮನಿಯ ಲ್ಯಾಂಡ್ಸ್‌ಬರ್ಗ್‌ಗೆ. ಸೋವಿಯತ್ ಸೇನೆಯ ಮೋರ್ಸ್ ಸಂದೇಶಗಳನ್ನು ಕದ್ದು ಕೇಳಿ ಬರೆದುಕೊಳ್ಳುವುದು ಅಲ್ಲಿಯ ಕೆಲಸ. ಬಿಡುವಿನಲ್ಲಿ ಅಗ್ಗದ ಗಿಟಾರೊಂದನ್ನು ಕೊಂಡು ಕಲಿತ. ಜೊತೆಯ ಸೈನಿಕರನ್ನು ಸೇರಿಸಿಕೊಂಡು ಹಾಡಿದ. ಈ ಆಲ್ಬಮ್ಮಿನ ಎರಡು ದೊಡ್ಡ ಹಾಡುಗಳ ಬೀಜ ಬಿದ್ದದ್ದು ಲ್ಯಾಂಡ್ಸ್‌ಬರ್ಗ್‌ನ ಆ ಬ್ಯಾರಕ್ಕುಗಳಲ್ಲಿ.

1954ರ ಜುಲೈನಲ್ಲಿ ಸೇನೆ ಬಿಟ್ಟು, ಮರುತಿಂಗಳು ವಿವಿಯನ್ ಲಿಬೆರ್ಟೊಳನ್ನು ಮದುವೆಯಾಗಿ ಕ್ಯಾಶ್ ಮೆಂಫಿಸ್‌ಗೆ ಬಂದ. ಹೊಟ್ಟೆಪಾಡಿಗೆ ಮನೆಮನೆ ಸುತ್ತಿ ಗೃಹೋಪಯೋಗಿ ವಸ್ತು ಮಾರುವ ಕೆಲಸ ಹಿಡಿದ. ಮಾರಾಟ ಅಷ್ಟಕ್ಕಷ್ಟೆ. ಅಣ್ಣ ರಾಯ್ ಕೆಲಸಕ್ಕಿದ್ದ ಕಾರು ಕಂಪನಿಯಲ್ಲಿ ಲೂಥರ್ ಪರ್ಕಿನ್ಸ್, ಮಾರ್ಷಲ್ ಗ್ರಾಂಟ್ ಎಂಬ ಇಬ್ಬರು ಮೆಕ್ಯಾನಿಕ್‌ಗಳಿದ್ದರು. ರಾಯ್ ತಮ್ಮನನ್ನು ಅವರಿಗೆ ಪರಿಚಯಿಸಿದ. ಮೂವರಿಗೂ ಬರುತ್ತಿದ್ದದ್ದು ಗಿಟಾರ್ ಮೀಟುವುದೊಂದೇ, ಅದೂ ಸುಮಾರಾಗಿ. ಮೂರೂ ಗಿಟಾರ್ ಆದರೆ ಕೇಳಲು ಚೆನ್ನಾಗಿರದು ಎಂದು ಗ್ರಾಂಟ್ ನಿಲುವು ಬಾಸ್ ತಂದ. ಯಾವ ಸ್ವರ ಎಲ್ಲಿದೆ ಎಂದು ತಿಳಿಯದೆ ಅದರ ಕತ್ತಿನ ಮೇಲೆ ಪಟ್ಟಿ ಅಂಟಿಸಿ ಗುರುತು ಮಾಡಿಕೊಂಡ. ಪರ್ಕಿನ್ಸ್ ಎಲೆಕ್ಟ್ರಿಕ್ ಗಿಟಾರ್ ಹಿಡಿದ. ವೇಗವಾಗಿ ನುಡಿಸಲು ಬಾರದ ಕಾರಣ ಒಂದೊಂದೇ ಸ್ವರವನ್ನು ಎಚ್ಚರಿಕೆಯಿಂದ, ತಂತಿಗಳನ್ನು ಅಂಗೈಯಿಂದ ಒತ್ತಿ ಹಿಡಿದು ನುಡಿಸಿದ. ಇವರಿಬ್ಬರಿಗೆ ಮುಂದೆ 'ಟೆನೆಸಿ ಟು' ಎಂಬ ಹೆಸರು ಬಂತು. ಮೊದಮೊದಲು ಸ್ಟೀಲ್ ಗಿಟಾರ್ ನುಡಿಸುವ ನಾಲ್ಕನೆಯವನೊಬ್ಬನಿದ್ದ. ಸ್ಟುಡಿಯೊದಲ್ಲಿ ಕೈ ನಡುಗಿ ಅವನು ಹೊರಟುಹೋದ. ಉಳಿದದ್ದು ಈ ಮೂವರು.

ಅವರು ಹೋಗಿ ಬಾಗಿಲು ತಟ್ಟಿದ ಸ್ಟುಡಿಯೊ 706, ಯೂನಿಯನ್ ಅವೆನ್ಯೂದಲ್ಲಿತ್ತು. ಸ್ಯಾಮ್ ಫಿಲಿಪ್ಸ್ ಅದನ್ನು 1950ರಲ್ಲಿ ತೆರೆದದ್ದು. ಕಪ್ಪು ಗಾಯಕರನ್ನು ದೊಡ್ಡ ಕಂಪನಿಗಳು ಹತ್ತಿರ ಸೇರಿಸದ ಕಾಲದಲ್ಲಿ ಬಿ. ಬಿ. ಕಿಂಗ್, ಹೌಲಿನ್ ವುಲ್ಫ್ ಮುಂತಾದವರ ಹಾಡು ಮುದ್ರಿಸಿದವನು ಫಿಲಿಪ್ಸ್. 1952ರಲ್ಲಿ ಸನ್ ಕಂಪನಿ ಶುರುವಾಯಿತು. 1954ರಲ್ಲಿ ಎಲ್ವಿಸ್ ಪ್ರೆಸ್ಲಿಯ ಮೊದಲ ರೆಕಾರ್ಡ್ ಬಂದದ್ದು ಇಲ್ಲಿಂದಲೇ. ಕ್ಯಾಶ್ ಬಂದು ಭಕ್ತಿಗೀತೆ ಹಾಡುತ್ತೇನೆಂದ. ಭಕ್ತಿಗೀತೆಯ ರೆಕಾರ್ಡ್ ಮಾರುವ ಶಕ್ತಿ ತನಗಿಲ್ಲ, ಬೇರೆ ಏನಾದರೂ ಇದ್ದರೆ ಹಾಡು ಎಂದ ಫಿಲಿಪ್ಸ್. ಹೀಗೆ ಹೊರಬಂದದ್ದು 'ಹೇ ಪೋರ್ಟರ್'. ಅದರ ಇನ್ನೊಂದು ಬದಿಗೆ ಹಾಡು ಬೇಕೆಂದಾಗ ಕ್ಯಾಶ್ ಮನೆಗೆ ಹೋಗಿ 'ಕ್ರೈ! ಕ್ರೈ! ಕ್ರೈ!' ಬರೆದು ತಂದ. ರೆಕಾರ್ಡಿನ ಮೇಲೆ ಜಾನ್ ಬದಲು ಜಾನಿ ಎಂದು ಅಚ್ಚು ಹಾಕಿಸಿದವನೂ ಫಿಲಿಪ್ಸ್. 1955ರ ಜೂನ್‌ನಲ್ಲಿ ಅದು ಅಂಗಡಿಗೆ ಬಂತು. 'ಕ್ರೈ! ಕ್ರೈ! ಕ್ರೈ!' ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಪಟ್ಟಿಯಲ್ಲಿ 14ನೇ ಸ್ಥಾನ ಮುಟ್ಟಿತು.

ಫಿಲಿಪ್ಸ್‌ನ ದೊಡ್ಡ ಗುಣವೆಂದರೆ ಈ ಮೂವರ ಕೊರತೆಯನ್ನು ಮುಚ್ಚಲು ಹೋಗದಿದ್ದದ್ದು. ನುರಿತ ವಾದ್ಯಗಾರರನ್ನು ತಂದು ಕೂರಿಸುವುದು ಕಷ್ಟವೇನಿರಲಿಲ್ಲ. ಅವನು ಹಾಗೆ ಮಾಡಲಿಲ್ಲ. ಬದಲಿಗೆ ಧ್ವನಿಗೆ ಆಳ ಕೊಟ್ಟ. ಎರಡು ಟೇಪ್ ಯಂತ್ರಗಳಲ್ಲಿ ಒಂದು ಮುದ್ರಿಸುತ್ತಿರುವಾಗಲೇ ಅದೇ ಧ್ವನಿಯನ್ನು ಇನ್ನೊಂದರ ಮೂಲಕ ಹಾಯಿಸಿ ಮತ್ತೆ ಸೇರಿಸುತ್ತಿದ್ದ. ಟೇಪು ಮುದ್ರಣದ ಹೆಡ್‌ನಿಂದ ಕೇಳಿಸುವ ಹೆಡ್‌ವರೆಗೆ ಸಾಗಲು ಹಿಡಿಯುವ ಕಣ್ಣೆವೆ ಮಿಟುಕಿಸುವಷ್ಟು ಹೊತ್ತು ಆ ಎರಡನೇ ಧ್ವನಿ ತಡವಾಗಿ ಬರುತ್ತದೆ. ಗೋಡೆಗೆ ಬಡಿದು ತಕ್ಷಣ ಮರಳಿದಂತಹ ಈ ಮಾರ್ದನಿಯಿಂದ ಮೂರೇ ವಾದ್ಯ ಆರರಂತೆ ಕೇಳುತ್ತವೆ. ಡ್ರಮ್ ಇಲ್ಲದ್ದಕ್ಕೆ ಕ್ಯಾಶ್ ತಾನೇ ದಾರಿ ಹುಡುಕಿದ. ಗಿಟಾರಿನ ತಂತಿಗಳ ನಡುವೆ ಕಾಗದದ ಚೂರೊಂದನ್ನು ಸಿಕ್ಕಿಸಿ ಮೀಟಿದರೆ ಸ್ವರ ಸತ್ತು ಬರೀ ತಾಳದ ಸದ್ದು ಬರುತ್ತದೆ, ಸಣ್ಣ ಡ್ರಮ್ಮಿನ ಮೇಲೆ ಕಡ್ಡಿ ಆಡಿಸಿದ ಹಾಗೆ. ಬಾಸ್ ಒಂದು ಪೆಟ್ಟು, ಕಾಗದ ಸಿಕ್ಕಿಸಿದ ಗಿಟಾರ್ ಇನ್ನೊಂದು ಪೆಟ್ಟು, ಮೇಲೆ ಪರ್ಕಿನ್ಸ್‌ನ ಅದುಮಿದ ಸ್ವರಗಳು. ಹಳಿಯ ಜೋಡಣೆಗಳ ಮೇಲೆ ಓಡುವ ರೈಲಿನ ಲಯ ಇದು. ಅಭಿಮಾನಿಗಳು ಇದನ್ನು 'ಬೂಮ್-ಚಿಕ-ಬೂಮ್' ಎಂದರು.

ಆಗಿನ ಕಂಟ್ರಿ ಸಂಗೀತದ ವ್ಯಾಪಾರ ನಡೆಯುತ್ತಿದ್ದದ್ದು ಸಿಂಗಲ್‌ಗಳಲ್ಲಿ, ಎಂದರೆ ಬದಿಗೊಂದು ಹಾಡಿನ ಪುಟ್ಟ ತಟ್ಟೆಗಳಲ್ಲಿ. ಜೂಕ್‌ಬಾಕ್ಸ್‌ಗೂ ರೇಡಿಯೊಗೂ ಬೇಕಿದ್ದದ್ದು ಅದು; ಹಳ್ಳಿಯ ಕೇಳುಗರ ಜೇಬಿಗೆ ಎಟುಕುತ್ತಿದ್ದದ್ದೂ ಅದೇ. ಹತ್ತು ಹನ್ನೆರಡು ಹಾಡು ಹಿಡಿಸುವ ಎಲ್‌ಪಿ 1948ರಲ್ಲೇ ಬಂದಿದ್ದರೂ ಅದನ್ನು ಹೆಚ್ಚಾಗಿ ಕೊಳ್ಳುತ್ತಿದ್ದವರು ನಗರದ ಉಳ್ಳವರು. ಕಂಟ್ರಿ ಆಲ್ಬಮ್‌ಗಳಿಗೆಂದೇ ಬಿಲ್‌ಬೋರ್ಡ್ ಪಟ್ಟಿ ಆರಂಭಿಸಿದ್ದು 1964ರಲ್ಲಿ. ಆದ್ದರಿಂದ ಈ ಆಲ್ಬಮ್ ಎಷ್ಟನೇ ಸ್ಥಾನಕ್ಕೆ ಏರಿತು ಎಂಬ ಪ್ರಶ್ನೆಯೇ ಏಳುವುದಿಲ್ಲ. 1955ರ ನವೆಂಬರಿನಲ್ಲಿ ಎಲ್ವಿಸ್‌ನ ಒಪ್ಪಂದವನ್ನು 35,000 ಡಾಲರಿಗೆ ಆರ್‌ಸಿಎ ಕಂಪನಿಗೆ ಮಾರಿದ ಮೇಲೆ ಫಿಲಿಪ್ಸ್‌ನ ಕೈಯಲ್ಲಿ ಗಾಯಕರಾದ ಕಾರ್ಲ್ ಪರ್ಕಿನ್ಸ್, ಜೆರಿ ಲೀ ಲೂಯಿಸ್ ಮತ್ತು ಕ್ಯಾಶ್ ಇದ್ದರು. ಎಲ್‌ಪಿ ವ್ಯಾಪಾರಕ್ಕೆ ಇಳಿಯುವಾಗ ಅವನು ಮೊದಲು ಆರಿಸಿದ್ದು ಕ್ಯಾಶ್‌ನನ್ನು.

ಹನ್ನೆರಡರಲ್ಲಿ ನಾಲ್ಕು ಹಾಡು ಅಷ್ಟರಲ್ಲಾಗಲೇ ಸಿಂಗಲ್‌ಗಳಾಗಿ ಹೆಸರು ಮಾಡಿದ್ದವು: 'ಕ್ರೈ! ಕ್ರೈ! ಕ್ರೈ!', 'ಸೋ ಡಾಗಾನ್ ಲೋನ್ಸಮ್', 'ಫೋಲ್ಸಮ್ ಪ್ರಿಸನ್ ಬ್ಲೂಸ್' ಮತ್ತು 'ಐ ವಾಕ್ ದ ಲೈನ್'. ಇವುಗಳ ಜೊತೆಗೆ ಹಳೆಯ ಜನಪದ ಹಾಡು, ಹಿರಿಯರ ಹಾಡು, ಒಂದು ಭಕ್ತಿಗೀತೆ ಸೇರಿಸಿ ಆಲ್ಬಮ್ ಕಟ್ಟಲಾಯಿತು. ಕ್ಯಾಶ್ ಸ್ವತಃ ಬರೆದವು ಐದು.

ಆರಂಭವೇ ರೈಲಿನಿಂದ. 'ರಾಕ್ ಐಲ್ಯಾಂಡ್ ಲೈನ್' ಎಂಬ ಈ ಹಾಡನ್ನು ಜನಪದ ಸಂಗ್ರಾಹಕ ಜಾನ್ ಲೊಮ್ಯಾಕ್ಸ್ 1934ರಲ್ಲಿ ಕ್ಯಾಶ್‌ನ ತವರು ರಾಜ್ಯ ಆರ್ಕನ್ಸಾದ ಜೈಲಿನಲ್ಲಿ ಕೈದಿಗಳ ಬಾಯಿಂದ ಮುದ್ರಿಸಿಕೊಂಡಿದ್ದ. ಜೊತೆಗಿದ್ದ ಗಾಯಕ ಲೆಡ್ ಬೆಲಿ ಅದನ್ನು ಕಲಿತು ದೇಶಕ್ಕೆಲ್ಲ ಕೇಳಿಸಿದ. ಕ್ಯಾಶ್ ನಿಧಾನಕ್ಕೆ ಕಥೆ ಹೇಳುತ್ತಾ ಶುರುಮಾಡಿ, ಗಾಡಿ ವೇಗ ಹಿಡಿದ ಹಾಗೆ ಹಾಡನ್ನು ಓಡಿಸುತ್ತಾನೆ. ಎರಡನೆಯದು ಹ್ಯಾಂಕ್ ವಿಲಿಯಮ್ಸ್ ಮತ್ತು ಜಿಮ್ಮಿ ಡೇವಿಸ್ ಬರೆದ 'ಲೋನ್ಸಮ್ ವಿಸ್ಲ್'. ಅಲ್ಲಿ ಕೈದಿಯ ಕಿವಿಗೆ ಬೀಳುವ ರೈಲಿನ ಸಿಳ್ಳೆ ಸ್ವಾತಂತ್ರ್ಯದ ನೆನಪಾಗಿ ಕಾಡುತ್ತದೆ. ಎರಡನೇ ಬದಿಯ 'ದ ರೆಕ್ ಆಫ್ ದ ಓಲ್ಡ್ 97' ನಿಜವಾದ ದುರಂತದ ಕಥೆ. 1903ರ ಸೆಪ್ಟೆಂಬರ್ 27ರಂದು ವರ್ಜೀನಿಯಾದ ಡ್ಯಾನ್‌ವಿಲ್ ಬಳಿ, ತಡವಾಗಿದ್ದ ಅಂಚೆ ರೈಲನ್ನು ಸಮಯಕ್ಕೆ ಮುಟ್ಟಿಸಲು ವೇಗ ಹೆಚ್ಚಿಸಿದಾಗ ಅದು ಸೇತುವೆಯಿಂದ ಕೆಳಕ್ಕುರುಳಿ ಹನ್ನೊಂದು ಜನ ಸತ್ತರು. ವೆರ್ನನ್ ಡಾಲ್‌ಹರ್ಟ್ 1924ರಲ್ಲಿ ಹಾಡಿದ ಇದರ ರೆಕಾರ್ಡ್ ಹತ್ತು ಲಕ್ಷ ದಾಟಿದ ಮೊದಲ ಕಂಟ್ರಿ ರೆಕಾರ್ಡ್ ಎಂದು ಇತಿಹಾಸದಲ್ಲಿ ದಾಖಲಾಗಿದೆ. ಆ ರೆಕಾರ್ಡಿನ ಇನ್ನೊಂದು ಬದಿಯಲ್ಲಿದ್ದದ್ದು ಕೈದಿಯೊಬ್ಬನ ಹಾಡು. ರೈಲು ಮತ್ತು ಜೈಲಿನ ಜೋಡಿ ಕಂಟ್ರಿ ಸಂಗೀತದಲ್ಲಿ ಅಷ್ಟು ಹಳೆಯದು. ಕ್ಯಾಶ್ ಇದನ್ನು ಹೊಸದಾಗಿ ಕಂಡುಹಿಡಿಯಲಿಲ್ಲ. ಆದರೆ ಅವನ ವಾದ್ಯಗಳ ಲಯವೇ ರೈಲಿನದಾಗಿದ್ದರಿಂದ ಈ ಹಾಡುಗಳಲ್ಲಿ ವಿಷಯ ಬೇರೆ, ಸಂಗೀತ ಬೇರೆ ಎನಿಸುವುದಿಲ್ಲ.

ಇಡೀ ಆಲ್ಬಮ್ಮಿನ ನಡುಗಂಬ 'ಫೋಲ್ಸಮ್ ಪ್ರಿಸನ್ ಬ್ಲೂಸ್'. ಕ್ಯಾಲಿಫೋರ್ನಿಯಾದ ಫೋಲ್ಸಮ್ ಜೈಲಿನ ಬಗ್ಗೆ 1951ರಲ್ಲಿ ಬಂದ ಸಿನಿಮಾವೊಂದನ್ನು ಕ್ಯಾಶ್ ಜರ್ಮನಿಯಲ್ಲಿ ನೋಡಿದ್ದ. ಅದರಿಂದ ಪ್ರೇರಿತನಾಗಿ ಬರೆದ ಈ ಹಾಡಿನಲ್ಲಿ ಮಾತಾಡುವವನು ಕಾರಣವೇ ಇಲ್ಲದೆ ಒಬ್ಬನನ್ನು ಕೊಂದವನು. ತನಗೆ ಆದದ್ದು ಅನ್ಯಾಯವೆಂದು ಅವನು ಹೇಳುವುದಿಲ್ಲ, ಕ್ಷಮೆಯನ್ನೂ ಕೇಳುವುದಿಲ್ಲ. ಜೈಲಿನ ಪಕ್ಕ ಹಾದುಹೋಗುವ ರೈಲಿನಲ್ಲಿ ಉಳ್ಳವರು ಆರಾಮಾಗಿ ಕೂತು ಸಾಗುತ್ತಿರುವುದೊಂದೇ ಅವನನ್ನು ಚುಚ್ಚುವ ಸಂಗತಿ. ಕೊಲೆಗಾರನ ಮನಸ್ಸಿನೊಳಗೆ ಇಷ್ಟು ತಣ್ಣಗೆ ಹೊಕ್ಕ ಹಾಡು ಆ ಕಾಲದ ರೇಡಿಯೊದಲ್ಲಿ ಅಪರೂಪ. ಲೂಥರ್ ಪರ್ಕಿನ್ಸ್‌ನ ಗಿಟಾರ್ ಇಲ್ಲಿ ಎಷ್ಟು ಸರಳವೋ ಅಷ್ಟು ಮೊನಚು. ಕಲಿಯುವವರು ಇಂದಿಗೂ ಅದನ್ನು ಮೊದಲ ಪಾಠಗಳಲ್ಲಿ ಒಂದಾಗಿ ನುಡಿಸುತ್ತಾರೆ.

ಈ ಹಾಡಿಗೆ ಒಂದು ಕಳಂಕವೂ ಇದೆ. ಗಾರ್ಡನ್ ಜೆಂಕಿನ್ಸ್ ಎಂಬ ಸಂಗೀತ ನಿರ್ದೇಶಕ 1953ರ 'ಸೆವೆನ್ ಡ್ರೀಮ್ಸ್' ಎಂಬ ತನ್ನ ಆಲ್ಬಮ್ಮಿನಲ್ಲಿ 'ಕ್ರೆಸೆಂಟ್ ಸಿಟಿ ಬ್ಲೂಸ್' ಎಂಬ ಹಾಡು ಸೇರಿಸಿದ್ದ. ಕ್ಯಾಶ್‌ನ ಹಾಡಿನ ಧಾಟಿ ಮತ್ತು ಹಲವು ಸಾಲುಗಳು ಅದರಿಂದಲೇ ಬಂದವು. ಅಲ್ಲಿ ದೂರದ ಬದುಕಿಗೆ ಹಂಬಲಿಸುವವಳು ಸಣ್ಣ ಊರಿನ ಒಂಟಿ ಹೆಂಗಸು. ಕ್ಯಾಶ್ ಅವಳ ಜಾಗದಲ್ಲಿ ಕೈದಿಯನ್ನಿಟ್ಟ. ಬದಲಾವಣೆ ಅಸಾಧಾರಣವಾದದ್ದೇ, ಆದರೆ ಮೂಲದವನ ಹೆಸರು ರೆಕಾರ್ಡಿನ ಮೇಲೆ ಬರಲಿಲ್ಲ. ಹಾಡು ಲೋಕಪ್ರಸಿದ್ಧವಾದ ಮೇಲೆ ಜೆಂಕಿನ್ಸ್ ಕಾನೂನಿನ ಮೊರೆಹೋದ. 1970ರ ದಶಕದ ಆರಂಭದಲ್ಲಿ ಸುಮಾರು 75,000 ಡಾಲರ್ ಕೊಟ್ಟು ಕ್ಯಾಶ್ ರಾಜಿ ಮಾಡಿಕೊಂಡ. ಹಾಡಿನ ಶ್ರೇಷ್ಠತೆಯನ್ನು ಒಪ್ಪುವವರು ಈ ಸಾಲವನ್ನೂ ಒಪ್ಪಬೇಕು.

'ಐ ವಾಕ್ ದ ಲೈನ್' ಹುಟ್ಟಿದ ಬಗೆ ಬೇರೆ. ಲ್ಯಾಂಡ್ಸ್‌ಬರ್ಗ್‌ನಲ್ಲಿ ಕ್ಯಾಶ್ ಗಿಟಾರ್ ನುಡಿಸಿ ಮುದ್ರಿಸಿದ್ದ ಟೇಪನ್ನು ಯಾರೋ ತಿರುಗುಮುರುಗಾಗಿ ಹಾಕಿದ್ದರು. ಹಿಂದುಮುಂದಾಗಿ ಕೇಳಿದ ಆ ವಿಚಿತ್ರ ನಾದ ಅವನ ಕಿವಿಯಲ್ಲಿ ಉಳಿಯಿತು. 1956ರಲ್ಲಿ ಟೆಕ್ಸಸ್‌ನ ಗ್ಲೇಡ್‌ವಾಟರ್‌ನಲ್ಲಿ ಕಾರ್ಯಕ್ರಮಕ್ಕೆ ಮುನ್ನ ಪರದೆಯ ಹಿಂದೆ ಕೂತು ಅದಕ್ಕೆ ಮಾತು ಬರೆದ. ಊರೂರು ಅಲೆಯುವ ಗಾಯಕ ಮನೆಯಲ್ಲಿರುವ ಹೆಂಡತಿಗೆ ನಿಷ್ಠೆಯ ಮಾತು ಕೊಡುವ ಹಾಡು ಅದು. ನಿಧಾನದ ಪ್ರೇಮಗೀತೆಯಾಗಿ ಹಾಡಬೇಕೆಂದು ಕ್ಯಾಶ್‌ನ ಆಸೆ. ಫಿಲಿಪ್ಸ್ ವೇಗ ಹೆಚ್ಚಿಸಲು ಹೇಳಿದ. ಏಪ್ರಿಲ್ 2ರಂದು ಮುದ್ರಣ ನಡೆದು ಮೇ ತಿಂಗಳಲ್ಲಿ ರೆಕಾರ್ಡ್ ಬಂತು.

ಈ ಹಾಡಿನ ಕಟ್ಟಡವನ್ನು ಗಮನಿಸಿ ಕೇಳಬೇಕು. ಪ್ರತಿ ಚರಣಕ್ಕೂ ಶ್ರುತಿ ಬದಲಾಗುತ್ತದೆ. ಶಾಸ್ತ್ರೀಯ ಸಂಗೀತಕ್ಕೆ ಒಗ್ಗಿದ ಕಿವಿಗೆ ಇದು ಷಡ್ಜವನ್ನೇ ಎತ್ತಿ ಬೇರೆ ಕಡೆ ಇಟ್ಟಂತೆ ಕೇಳಬಹುದು. ಮುಂದಿನ ಶ್ರುತಿ ಹಿಡಿಯಲು ಕ್ಯಾಶ್ ಚರಣಕ್ಕೆ ಮೊದಲು ಬಾಯಿಮುಚ್ಚಿ ಗುನುಗುತ್ತಾನೆ. ಶ್ರುತಿ ಸಿಗಲೆಂದು ಮಾಡಿಕೊಂಡ ಈ ಉಪಾಯವೇ ಹಾಡಿನ ಗುರುತಾಯಿತು. ಶ್ರುತಿಗಳು ಸುತ್ತು ಹಾಕಿ ಮೊದಲ ಜಾಗಕ್ಕೆ ಬಂದಾಗ ಕೊನೆಯ ಚರಣವನ್ನು ಮೊದಲಿಗಿಂತ ಇಡೀ ಒಂದು ಸ್ಥಾಯಿ ಕೆಳಗೆ ಹಾಡುತ್ತಾನೆ. ಅಷ್ಟು ಕೆಳಗೆ ಇಳಿದರೂ ಮಾತು ಸ್ಪಷ್ಟ. ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಈ ಹಾಡು ಪಾಪ್ ಪಟ್ಟಿಯ ಮೊದಲ ಇಪ್ಪತ್ತರೊಳಗೂ ಬಂತು. ಕ್ಯಾಶ್ ಮಾರಾಟದ ಕೆಲಸವನ್ನು ಮರೆತು ಪೂರ್ಣಾವಧಿ ಗಾಯಕನಾಗಲು ಇಂಥ ಗೆಲುವೇ ಬೇಕಿತ್ತು. ಅದೇ ವರ್ಷದ ಜುಲೈನಲ್ಲಿ ಅವನು ಗ್ರ್ಯಾಂಡ್ ಓಲ್ ಆಪ್ರಿಯಲ್ಲಿ ಮೊದಲ ಬಾರಿ ಹಾಡಿದ.

ಉಳಿದವುಗಳಲ್ಲಿ 'ಕಂಟ್ರಿ ಬಾಯ್' ವಿಶೇಷ ಗಮನಕ್ಕೆ ಅರ್ಹ. ಕಾಸಿಲ್ಲದ, ಕಾಲಿಗೆ ಚಪ್ಪಲಿಯಿಲ್ಲದ ಹಳ್ಳಿ ಹುಡುಗನ ಬಗ್ಗೆ ಎರಡು ನಿಮಿಷದೊಳಗೆ ಮುಗಿಯುವ ಹಾಡು. ಡೈಸ್‌ನ ಹತ್ತಿ ಹೊಲ ಅದರ ಹಿಂದಿದೆ. ಕ್ಯಾಶ್ 1996ರ 'ಅನ್‌ಚೈನ್ಡ್' ಆಲ್ಬಮ್ಮಿನಲ್ಲಿ ಇದನ್ನು ಮತ್ತೆ ಹಾಡಿದ. 'ಐ ವಾಸ್ ದೇರ್ ವೆನ್ ಇಟ್ ಹ್ಯಾಪನ್ಡ್' ಇಲ್ಲಿರುವ ಒಂದೇ ಭಕ್ತಿಗೀತೆ. ಮೊದಲು ಬೇಡವೆಂದ ಫಿಲಿಪ್ಸ್ ಎರಡು ವರ್ಷದ ಮೇಲೆ ಕೊಟ್ಟ ಜಾಗ ಇಷ್ಟೇ. ಜಿಮ್ಮಿ ಸ್ಕಿನ್ನರ್ ಬರೆದ 'ಡುಯಿಂಗ್ ಮೈ ಟೈಮ್', ಸಂಕೋಲೆ ತೊಟ್ಟು ದುಡಿಯುವ ಕೈದಿಯ ಹಾಡು, ಆಲ್ಬಮ್ಮನ್ನು ಮುಗಿಸುತ್ತದೆ. ಸ್ಟುವರ್ಟ್ ಹ್ಯಾಂಬ್ಲೆನ್‌ನ 'ರಿಮೆಂಬರ್ ಮಿ' ಮತ್ತು ಆಗ ಹದಿಹರೆಯ ದಾಟುತ್ತಿದ್ದ ಜೆರಿ ರೀಡ್‌ನ 'ಇಫ್ ದ ಗುಡ್ ಲಾರ್ಡ್ಸ್ ವಿಲಿಂಗ್' ಸಾಧಾರಣವಾದವು. ಇಂಪಾಗಿವೆ, ನೆನಪಿನಲ್ಲಿ ನಿಲ್ಲುವುದಿಲ್ಲ. ಇವುಗಳ ಬದಲು 'ಹೇ ಪೋರ್ಟರ್', 'ಗೆಟ್ ರಿದಮ್', 'ಟ್ರೈನ್ ಆಫ್ ಲವ್' ಇರಬೇಕಿತ್ತು ಎನಿಸುವುದು ಸಹಜ. ಮೂರೂ ಅಷ್ಟರಲ್ಲಿ ಸಿಂಗಲ್‌ಗಳಲ್ಲಿ ಬಂದಾಗಿದ್ದರೂ ಯಾವುದೂ ಇಲ್ಲಿ ಸೇರಲಿಲ್ಲ.

ಭಕ್ತಿಗೀತೆಗಳ ಆಲ್ಬಮ್ ಮಾಡಲು ಫಿಲಿಪ್ಸ್ ಒಪ್ಪದಿದ್ದದ್ದು, ಗೌರವಧನ ಕಡಿಮೆಯೆನಿಸಿದ್ದು ಎರಡೂ ಸೇರಿ ಕ್ಯಾಶ್ 1958ರಲ್ಲಿ ಸನ್ ಬಿಟ್ಟು ಕೊಲಂಬಿಯಾ ಕಂಪನಿಗೆ ಹೋದ. ಮರುವರ್ಷವೇ ಅಲ್ಲಿಂದ 'ಹಿಮ್ಸ್ ಬೈ ಜಾನಿ ಕ್ಯಾಶ್' ಎಂಬ ಭಕ್ತಿಗೀತೆಗಳ ಆಲ್ಬಮ್ ಬಂತು. 1960ರಲ್ಲಿ ತಂಡಕ್ಕೆ ಡಬ್ಲ್ಯು. ಎಸ್. ಹಾಲೆಂಡ್ ಎಂಬ ಡ್ರಮ್ ವಾದಕ ಸೇರಿ 'ಟೆನೆಸಿ ಟು' 'ಟೆನೆಸಿ ತ್ರೀ' ಆಯಿತು. 1968ರ ಜನವರಿ 13ರಂದು ಕ್ಯಾಶ್ ಫೋಲ್ಸಮ್ ಜೈಲಿನೊಳಗೇ ಹೋಗಿ ಕೈದಿಗಳ ಮುಂದೆ ಹಾಡಿ ಮುದ್ರಿಸಿದ ಆಲ್ಬಮ್ ಅವನನ್ನು ಮತ್ತೆ ಮೇಲೆತ್ತಿತು. ಅಂದು ಅವನು ಮೊದಲು ಎತ್ತಿಕೊಂಡ ಹಾಡು 'ಫೋಲ್ಸಮ್ ಪ್ರಿಸನ್ ಬ್ಲೂಸ್'. 2003ರ ಸೆಪ್ಟೆಂಬರ್ 12ರಂದು ಕ್ಯಾಶ್ ತೀರಿಕೊಂಡ. ಯೂನಿಯನ್ ಅವೆನ್ಯೂದ ಸ್ಟುಡಿಯೊ ಈಗ ರಾಷ್ಟ್ರೀಯ ಸ್ಮಾರಕ. ಡೈಸ್‌ನ ಮನೆಯನ್ನು ಆರ್ಕನ್ಸಾ ರಾಜ್ಯ ವಿಶ್ವವಿದ್ಯಾಲಯ ದುರಸ್ತಿ ಮಾಡಿಸಿ ವಸ್ತುಸಂಗ್ರಹಾಲಯವಾಗಿ ಉಳಿಸಿಕೊಂಡಿದೆ.

ಆಲ್ಬಮ್ 2002ರಲ್ಲಿ 'ಹೇ ಪೋರ್ಟರ್', 'ಗೆಟ್ ರಿದಮ್' ಮುಂತಾದ ಹೆಚ್ಚುವರಿ ಹಾಡುಗಳೊಂದಿಗೆ ಮರುಬಿಡುಗಡೆಯಾಯಿತು. ಕಂಟ್ರಿ ಸಂಗೀತವನ್ನು ಇನ್ನೂ ಕೇಳದವರು ಶುರುಮಾಡಲು ಇದಕ್ಕಿಂತ ಒಳ್ಳೆಯ ಆಲ್ಬಮ್ ಸಿಗುವುದು ಕಷ್ಟ. ಮೊದಲು 'ಐ ವಾಕ್ ದ ಲೈನ್', ಆಮೇಲೆ 'ಫೋಲ್ಸಮ್ ಪ್ರಿಸನ್ ಬ್ಲೂಸ್' ಕೇಳಿ, ಅನಂತರ ಹನ್ನೆರಡೂ ಹಾಡುಗಳನ್ನು 1957ರ ಕ್ರಮದಲ್ಲೇ ಕೇಳಬೇಕು, ಸಾಧ್ಯವಿದ್ದರೆ ಹೆಡ್‌ಫೋನ್ ಹಾಕಿಕೊಂಡು; ತಂತಿಗಳ ನಡುವಿನ ಕಾಗದದ ಸದ್ದು ಆಗ ಬೇರೆಯಾಗಿ ಕೇಳುತ್ತದೆ.